ಪುಣೆಯ ಚೀಟಿ, ದಾವಣಗೆರೆಯ ಸಿಸ್ಟರ್: ಒಂದು ಹೋಮ್ ನರ್ಸಿಂಗ್ ಸೇವೆಯನ್ನು ಬಳಸಿದ ಮೇಲೆ

ದಾವಣಗೆರೆಯ ಒಂದು ಹೋಮ್ ನರ್ಸಿಂಗ್ ಸಂಸ್ಥೆಯ ಸೇವೆಯನ್ನು ನಮ್ಮ ಮನೆಯಲ್ಲಿ ನಾಲ್ಕು ವಾರಕ್ಕೂ ಹೆಚ್ಚು ಕಾಲ ಬಳಸಿದ್ದೇವೆ. ಸೇವೆ ಒಟ್ಟಿನಲ್ಲಿ ಒಳ್ಳೆಯದೇ ಇತ್ತು, ಆದರೆ ಆರಂಭದ ಮೂರು ದಿನ ‘ಹೊರ ರಾಜ್ಯದ ಡಾಕ್ಟರ ಚೀಟಿ ಇಲ್ಲಿ ನಡೆಯುವುದಿಲ್ಲ’ ಎಂಬ ಒಂದು ಕಾಗದದ ತಕರಾರಿನಲ್ಲಿ ಹಾಳಾದವು. ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಆ ತಕರಾರು ಅವರೊಬ್ಬರದೇ ಅಲ್ಲ. ಅದೇ ವಾರ ವಿಚಾರಿಸಿದ ಇನ್ನೊಂದು ಕಡೆಯೂ ಅದೇ ಮಾತನ್ನು ಕೇಳಿದೆ. ಬೇರೆ ರಾಜ್ಯದಲ್ಲಿ ಚಿಕಿತ್ಸೆ ಮುಗಿಸಿಕೊಂಡು ಊರಿಗೆ ಮರಳುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅವರಿಗೆ ಉಪಯೋಗವಾದೀತೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅಪ್ಪನಿಗೆ 83 ವರ್ಷ. ಡಿಸೆಂಬರಿನಲ್ಲಿ ಪುಣೆಯ ತಂಗಿಯ ಮನೆಗೆ ಹೋಗಿದ್ದಾಗ ಬಚ್ಚಲಿನಲ್ಲಿ ಜಾರಿ ಬಿದ್ದು ಬಲ ಸೊಂಟದ ಕೀಲಿನ ಹತ್ತಿರ ತೊಡೆಯ ಮೂಳೆ ಮುರಿಯಿತು. ಅಲ್ಲಿಯ ಆಸ್ಪತ್ರೆಯಲ್ಲಿ ಮುರಿದ ಭಾಗವನ್ನು ತೆಗೆದು ಲೋಹದ ಕೃತಕ ಭಾಗವನ್ನು ಕೂರಿಸಿದರು; ಡಾಕ್ಟರುಗಳು ಬೈಪೋಲಾರ್ ಎಂದು ಕರೆಯುವ ಶಸ್ತ್ರಚಿಕಿತ್ಸೆ ಅದು. ತಂಗಿಯ ಮನೆ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇದ್ದರೂ ಸ್ಟ್ರೆಚರ್ ಹಿಡಿಸುವುದಿಲ್ಲ. ಅಪ್ಪನಿಗಂತೂ ಕಣ್ಣು ಬಿಟ್ಟಾಗಿನಿಂದ ‘ಊರಿಗೆ ಹೋಗೋಣ’ ಎಂಬುದೊಂದೇ ಮಾತು. ಎಂಟನೆಯ ದಿನ ಆಂಬುಲೆನ್ಸ್ ಮಾಡಿಕೊಂಡು ಹೆದ್ದಾರಿ ಹಿಡಿದು ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ವಿದ್ಯಾನಗರದ ನಮ್ಮ ಮನೆಗೆ ಕರೆತಂದೆವು. ಹರಿಹರದ ಸೇತುವೆ ದಾಟುವಾಗ ಅಪ್ಪ ಕೈ ಎತ್ತಿ ಮುಗಿದದ್ದನ್ನು ನೋಡಿದ ಆಂಬುಲೆನ್ಸಿನ ಹುಡುಗ ಮರಾಠಿಯಲ್ಲಿ ದೇವಸ್ಥಾನ ಎಲ್ಲಿದೆ ಎಂದು ಕೇಳಿದ.

ಪುಣೆಯ ಡಾಕ್ಟರು ಮನೆಯಲ್ಲಿ ನಡೆಯಬೇಕಾದ ಆರೈಕೆಯನ್ನು ಡಿಸ್ಚಾರ್ಜ್ ಸಮ್ಮರಿಯ ಕೊನೆಯ ಪುಟದಲ್ಲಿ ಬರೆದುಕೊಟ್ಟಿದ್ದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎನಾಕ್ಸಪರಿನ್ 40 ಮಿಲಿಗ್ರಾಂ ಇಂಜೆಕ್ಷನ್ ದಿನಕ್ಕೊಂದರಂತೆ ಒಟ್ಟು 35 ದಿನ, ಅದರಲ್ಲಿ 28 ಇನ್ನೂ ಬಾಕಿ. ದಿನ ಬಿಟ್ಟು ದಿನ ಗಾಯದ ಡ್ರೆಸ್ಸಿಂಗ್. ಹದಿನಾಲ್ಕನೆಯ ದಿನ ಸ್ಟೇಪಲ್ ತೆಗೆಯುವುದು. ವಾಕರ್ ಹಿಡಿದು ನಡೆಸುವ ಫಿಸಿಯೋಥೆರಪಿ. ವಾರಕ್ಕೊಮ್ಮೆ ಪ್ಲೇಟ್‌ಲೆಟ್ ಮತ್ತು ಕ್ರಿಯಾಟಿನಿನ್ ಪರೀಕ್ಷೆ. ಚಕ್ಕಳಮಕ್ಕಳ ಹಾಕಿ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು, ತಗ್ಗಾದ ಕುರ್ಚಿ ಕೂಡದು ಎಂಬ ಸೂಚನೆಗಳೂ ಇದ್ದವು. ಎಂಬತ್ತು ವರ್ಷ ನೆಲದ ಮೇಲೆ ಮಣೆ ಹಾಕಿಕೊಂಡು ಉಂಡವರಿಗೆ ಇಂಜೆಕ್ಷನ್ನಿಗಿಂತ ಅದೇ ದೊಡ್ಡ ಶಿಕ್ಷೆಯಾಯಿತು.

ದಾರಿಯಲ್ಲಿದ್ದಾಗಲೇ ಸಂಸ್ಥೆಗೆ ಫೋನ್ ಮಾಡಿ ಸಮ್ಮರಿಯ ಫೋಟೋಗಳನ್ನು ಕಳುಹಿಸಿದ್ದೆ. ಮರುದಿನ ಬೆಳಿಗ್ಗೆ ಏಳಕ್ಕೆ ಸಿಸ್ಟರ್ ಬರುತ್ತಾರೆ ಎಂದಿದ್ದರು. ರಾತ್ರಿ ಒಂಬತ್ತೂವರೆಗೆ ಅವರ ಮ್ಯಾನೇಜರರಿಂದ ಫೋನ್ ಬಂತು: “ಸರ್, ಇದು ಔಟ್ ಆಫ್ ಸ್ಟೇಟ್ ಡಾಕ್ಟರ್ ಆರ್ಡರ್. ಕರ್ನಾಟಕದ ಲೈಸೆನ್ಸ್ ಇರೋ ಡಾಕ್ಟರ್ ಲೆಟರ್‌ಹೆಡ್ಡಲ್ಲಿ ಇದ್ರೆ ಮಾತ್ರ ನಾವು ಇಂಜೆಕ್ಷನ್ ಕೊಡಬಹುದು, ರೂಲ್ಸ್ ಹಂಗೈತಿ.” ಪರಿಹಾರವೂ ಅವರ ಬಳಿಯೇ ಇತ್ತು. ತಮ್ಮ ಪ್ಯಾನೆಲ್ಲಿನ ಡಾಕ್ಟರೊಬ್ಬರು ಅದನ್ನೇ ಹೊಸ ಚೀಟಿಯಲ್ಲಿ ಬರೆದುಕೊಡುತ್ತಾರೆ, ರೋಗಿಯನ್ನು ನೋಡುವುದು ಬೇಕಿಲ್ಲ, ಶುಲ್ಕ 700 ರೂಪಾಯಿ. ಇಂಜೆಕ್ಷನ್ ತಪ್ಪಬಾರದೆಂಬ ಗಾಬರಿಯಲ್ಲಿ ಒಪ್ಪಿ ಹಣ ಕಳುಹಿಸಿದೆ. ಮರುದಿನ ಬೆಳಿಗ್ಗೆ ಏಳಕ್ಕೆ ಯಾರೂ ಬರಲಿಲ್ಲ. ಪ್ಯಾನೆಲ್ಲಿನ ಡಾಕ್ಟರು ಊರಿನಲ್ಲಿರಲಿಲ್ಲವಂತೆ. ಆ ದಿನದ ಇಂಜೆಕ್ಷನ್ನನ್ನು ಎದುರು ಮನೆಯ ನರ್ಸಿಂಗ್ ವಿದ್ಯಾರ್ಥಿನಿಯ ಕೈಕಾಲು ಹಿಡಿದು ಅವರ ಕಾಲೇಜಿನ ಟ್ಯೂಟರ್ ಒಬ್ಬರಿಂದ ಕೊಡಿಸಿದ್ದಾಯಿತು.

ನಾನು 34 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಯಾರಾದರೂ ‘ರೂಲ್ಸ್ ಹೀಗಿದೆ’ ಎಂದರೆ ಯಾವ ಸುತ್ತೋಲೆ, ಯಾವ ತಾರೀಖು ಎಂದು ಕೇಳುವುದು ಚಟವಾಗಿ ಹೋಗಿದೆ. ಕೇಳಿದೆ. ಉತ್ತರ ಬರಲಿಲ್ಲ. ಹಾಗಾಗಿ ಮಧ್ಯಾಹ್ನವಿಡೀ ಕುಳಿತು ಕಾನೂನನ್ನು ನಾನೇ ಹುಡುಕಿ ಓದಿದೆ.

ಈಗ ಜಾರಿಯಲ್ಲಿರುವುದು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ. 2020ರ ಸೆಪ್ಟೆಂಬರ್ 25ರಂದು ಅದು 1956ರ ಭಾರತೀಯ ವೈದ್ಯಕೀಯ ಪರಿಷತ್ ಕಾಯ್ದೆಯ ಜಾಗಕ್ಕೆ ಬಂತು. ಹಳೆಯ ಕಾಯ್ದೆಯ 27ನೇ ಕಲಮಿನಲ್ಲಿ, ಭಾರತೀಯ ವೈದ್ಯಕೀಯ ರಿಜಿಸ್ಟರಿನಲ್ಲಿ ಹೆಸರಿರುವ ವೈದ್ಯ ಭಾರತದ ಯಾವುದೇ ಭಾಗದಲ್ಲಿ ತನ್ನ ಅರ್ಹತೆಗೆ ತಕ್ಕಂತೆ ವೃತ್ತಿ ನಡೆಸಬಹುದೆಂದು ನೇರವಾಗಿಯೇ ಬರೆದಿತ್ತು. ಹೊಸ ಕಾಯ್ದೆಯ 34ನೇ ಕಲಂ ಕೇಳುವುದು ರಾಜ್ಯ ರಿಜಿಸ್ಟರಿನಲ್ಲಾಗಲಿ ರಾಷ್ಟ್ರೀಯ ರಿಜಿಸ್ಟರಿನಲ್ಲಾಗಲಿ ಹೆಸರಿದೆಯೇ ಎಂಬುದನ್ನು. ಒಂದು ರಾಜ್ಯದ ವೈದ್ಯ ಇನ್ನೊಂದು ರಾಜ್ಯಕ್ಕೆ ಬಂದು ಕ್ಲಿನಿಕ್ ತೆರೆದು ನೆಲೆ ನಿಂತರೆ ಅಲ್ಲಿಯ ವೈದ್ಯಕೀಯ ಪರಿಷತ್ತು ತನ್ನಲ್ಲಿ ನೋಂದಾಯಿಸಿಕೊಳ್ಳಿ ಎನ್ನುತ್ತದೆ, ಕರ್ನಾಟಕದಲ್ಲಿಯೂ ಹಾಗೆಯೇ. ಆದರೆ ಅದು ಅಂಗಡಿ ಹೂಡುವ ಪ್ರಶ್ನೆ. ಪುಣೆಯಲ್ಲಿ ಕುಳಿತು, ತಾನೇ ಶಸ್ತ್ರಚಿಕಿತ್ಸೆ ಮಾಡಿದ ರೋಗಿಗೆ ಬರೆದುಕೊಟ್ಟ ಚೀಟಿ ನಿಪ್ಪಾಣಿ ದಾಟಿದ ತಕ್ಷಣ ಸತ್ತುಹೋಗುತ್ತದೆ ಎಂದು ಹೇಳುವ ಒಂದು ಸಾಲೂ ನನಗೆ ಸಿಗಲಿಲ್ಲ.

ಔಷಧದ ಮಟ್ಟಿಗೂ ಅಷ್ಟೇ. 1945ರ ಔಷಧ ನಿಯಮಗಳಲ್ಲಿ 65ನೇ ನಿಯಮವು ಚೀಟಿ ಹೇಗಿರಬೇಕೆಂದು ಹೇಳುತ್ತದೆ: ಬರಹದಲ್ಲಿರಬೇಕು, ವೈದ್ಯರ ಸಹಿ ಮತ್ತು ತಾರೀಖು ಇರಬೇಕು, ಯಾರಿಗಾಗಿ ಎಂಬ ಹೆಸರು ವಿಳಾಸ ಇರಬೇಕು, ಔಷಧದ ಒಟ್ಟು ಪ್ರಮಾಣ ಮತ್ತು ಡೋಸ್ ಇರಬೇಕು. ವೈದ್ಯರು ಇಂಥದೇ ರಾಜ್ಯದವರಾಗಿರಬೇಕು ಎಂದಿಲ್ಲ. ಪಿ.ಜೆ. ಬಡಾವಣೆಯ ಮೆಡಿಕಲ್ ಶಾಪಿನಲ್ಲಿ ಅದೇ ಪುಣೆಯ ಚೀಟಿ ತೋರಿಸಿ 28 ಸಿರಿಂಜುಗಳನ್ನು ಕೊಂಡಾಗ ಅಂಗಡಿಯವರು ತಾರೀಖು ನೋಡಿ, ಹೆಸರು ಬರೆದುಕೊಂಡು, ಫ್ರಿಜ್ಜಿನಲ್ಲಿ ಇಡುವುದು ಬೇಡ ಎಂದು ಹೇಳಿ ಕೊಟ್ಟು ಕಳುಹಿಸಿದ್ದರು. ಅಂಗಡಿಯವರಿಗೆ ಒಪ್ಪಿಗೆಯಾದ ಚೀಟಿ ಸಂಸ್ಥೆಯವರಿಗೆ ಒಪ್ಪಿಗೆಯಾಗಲಿಲ್ಲ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ಕಡೆಯ ನಮ್ಮ ನೆಂಟರು ಜ್ವರ ಬಂದರೂ ಆಂಧ್ರದ ರಾಯದುರ್ಗಕ್ಕೆ ಹೋಗುತ್ತಾರೆ, ನಾವು ಹರಿಹರಕ್ಕೆ ಹೋಗಿ ಬಂದಷ್ಟು ಸಲೀಸಾಗಿ. ಆ ಮ್ಯಾನೇಜರು ಹೇಳಿದ ನಿಯಮ ನಿಜವಾಗಿದ್ದಿದ್ದರೆ ಆ ತಾಲ್ಲೂಕಿನ ಅರ್ಧ ಜನರ ಜೇಬಿನಲ್ಲಿರುವ ಚೀಟಿಗಳು ರದ್ದಿಯಾಗಬೇಕಿತ್ತು.

ಆದರೆ ಸಂಸ್ಥೆಯವರ ಹಿಂಜರಿಕೆಯಲ್ಲಿ ಒಂದು ಪಾಲು ನ್ಯಾಯವೂ ಇತ್ತು, ಅದನ್ನು ಮುಚ್ಚಿಡಬಾರದು. ಪುಣೆಯ ಸಮ್ಮರಿಯಲ್ಲಿ ಮುಖ್ಯ ಡಾಕ್ಟರ ಹೆಸರು ಅಚ್ಚಾಗಿತ್ತೇ ಹೊರತು ಸಹಿ ಯಾರೋ ಕಿರಿಯ ಡಾಕ್ಟರದು, ‘ಪರವಾಗಿ’ ಎಂದು ಹಾಕಿದ್ದು, ಮೊಹರು ಕಲೆಸಿಹೋಗಿತ್ತು, ನೋಂದಣಿ ಸಂಖ್ಯೆ ಎಲ್ಲಿಯೂ ಇರಲಿಲ್ಲ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯು ಪ್ರತಿಯೊಂದು ಚೀಟಿಯಲ್ಲೂ, ಪ್ರಮಾಣಪತ್ರದಲ್ಲೂ, ಹಣದ ರಸೀದಿಯಲ್ಲೂ ನೋಂದಣಿ ಸಂಖ್ಯೆ ಕಾಣಿಸಬೇಕೆನ್ನುತ್ತದೆ. ಅಷ್ಟು ದೊಡ್ಡ ಆಸ್ಪತ್ರೆ ಹನ್ನೊಂದು ಪುಟದ ಸಮ್ಮರಿ ಕೊಟ್ಟು ಅದೊಂದನ್ನೇ ಬಿಟ್ಟಿತ್ತು. ಗುರುತು ಪರಿಚಯವಿಲ್ಲದ ಸಹಿಯನ್ನು ನಂಬಿ ರಕ್ತ ತೆಳುವಾಗಿಸುವ ಇಂಜೆಕ್ಷನ್ ಕೊಡಲು ಯಾವ ನರ್ಸಿಗಾದರೂ ಅಳುಕು ಇರಲೇಬೇಕು. ಅವರು ‘ಸಂಖ್ಯೆ ಇಲ್ಲ’ ಎಂದಿದ್ದರೆ ನಾನು ಮರುಮಾತಿಲ್ಲದೆ ಒಪ್ಪುತ್ತಿದ್ದೆ. ‘ಕರ್ನಾಟಕದ್ದಲ್ಲ’ ಎಂದದ್ದರಿಂದ ಜಗಳವಾಯಿತು.

ತಂಗಿ ಆಸ್ಪತ್ರೆಗೆ ಹೋಗಿ ಕೂತಳು. ಸಂಜೆಯ ಹೊತ್ತಿಗೆ ಮುಖ್ಯ ಡಾಕ್ಟರೇ ತಮ್ಮ ಲೆಟರ್‌ಹೆಡ್ಡಿನಲ್ಲಿ ಹೊಸದಾಗಿ ಒಂದು ಪುಟ ಬರೆದು, ಮಹಾರಾಷ್ಟ್ರ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ನಮೂದಿಸಿ, ಸಹಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದರು. ಹೀಗೆ ಕಳುಹಿಸುವುದಕ್ಕೂ ಆಧಾರವಿದೆ. 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ವೈದ್ಯರು ಭಾರತದ ಯಾವ ಭಾಗದ ರೋಗಿಗೂ ದೂರದಿಂದ ಸಲಹೆ ಕೊಡಬಹುದು. ಸಹಿ ಮಾಡಿದ ಚೀಟಿಯ ಫೋಟೋ ಅಥವಾ ಸ್ಕ್ಯಾನ್ ಪ್ರತಿಯನ್ನು ಇಮೇಲಿನಲ್ಲಾಗಲಿ ಮೆಸೇಜಿನಲ್ಲಾಗಲಿ ಕಳುಹಿಸಬಹುದು. ಡಾಕ್ಟರ ಹೆಸರನ್ನೂ ಸಂಖ್ಯೆಯನ್ನೂ ಆಯೋಗದ ಜಾಲತಾಣದ ರಿಜಿಸ್ಟರಿನಲ್ಲಿ ಹುಡುಕಿದೆ. ಎರಡು ನಿಮಿಷ ಸಾಕಾಯಿತು. ಆ ಪುಟದ ಚಿತ್ರವನ್ನೂ ಹೊಸ ಚೀಟಿಯನ್ನೂ ಮ್ಯಾನೇಜರರಿಗೆ ಕಳುಹಿಸಿ, 27ನೇ ಕಲಮಿನಿಂದ 34ನೇ ಕಲಮಿನವರೆಗಿನ ಪುರಾಣವನ್ನೆಲ್ಲ ಬರೆದು, ಈಗಲಾದರೂ ಸಿಸ್ಟರನ್ನು ಕಳುಹಿಸಿ ಎಂದೆ. ಮೂರನೆಯ ದಿನ ಮ್ಯಾನೇಜರರೇ ಮನೆಗೆ ಬಂದರು.

ಮೂವತ್ತು ಮೂವತ್ತೆರಡರ ಹುಡುಗ, ಮಾತಿನಲ್ಲಿ ವಿನಯವಿತ್ತು. ಚಹಾ ಕುಡಿಯುತ್ತಾ ಮಾತಾಡಿದಾಗ ಆ ನಿಯಮ ಎಲ್ಲಿಂದ ಹುಟ್ಟಿತೆಂಬುದು ತಿಳಿಯಿತು. ಊರಿಗೆ ಮರಳಿ ಈ ಸಂಸ್ಥೆ ಸೇರುವ ಮೊದಲು ಅವರು ನಾಲ್ಕು ವರ್ಷ ಬೆಂಗಳೂರಿನಲ್ಲಿ ಅಮೆರಿಕದ ಹೋಮ್ ಹೆಲ್ತ್ ಏಜೆನ್ಸಿಗಳ ಬಿಲ್ಲಿಂಗ್ ಕೆಲಸ ಮಾಡಿದ್ದರು, ರಾತ್ರಿ ಪಾಳಿ. ಇಲ್ಲಿಯ ಸಂಸ್ಥೆಗೆ ಅರ್ಜಿ ನಮೂನೆ ಬೇಕಾದಾಗ ಅಲ್ಲಿಯದನ್ನೇ ನೆನಪಿನಿಂದ ಇಳಿಸಿದ್ದರು. ಅದರಲ್ಲಿ ‘ಆರ್ಡರ್ ಕೊಟ್ಟ ವೈದ್ಯರಿಗೆ ಈ ರಾಜ್ಯದ ಲೈಸೆನ್ಸ್ ಇದೆಯೇ: ಹೌದು / ಇಲ್ಲ’ ಎಂಬ ಕಾಲಂ ಇತ್ತು. ‘ಇಲ್ಲ’ ಎಂದು ಟಿಕ್ ಆದರೆ ಫೈಲು ನಿಲ್ಲಬೇಕು. ನಮ್ಮಪ್ಪನ ಫೈಲು ನಿಂತದ್ದು ಹಾಗೆ.

ಅವರು ವಿವರಿಸಿದ್ದು, ಆಮೇಲೆ ನಾನು ಓದಿ ಖಚಿತಪಡಿಸಿಕೊಂಡದ್ದು ಎರಡನ್ನೂ ಸೇರಿಸಿ ಹೇಳುವುದಾದರೆ, ಅಮೆರಿಕದಲ್ಲಿ ಆ ಕಾಲಮ್ಮಿಗೆ ನಿಜವಾಗಿಯೂ ಬೆಲೆಯಿದೆ. ಅಲ್ಲಿ ವೈದ್ಯರಿಗೆ ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ಮಂಡಳಿ. ನ್ಯೂಯಾರ್ಕಿನ ಲೈಸೆನ್ಸ್ ಫ್ಲೋರಿಡಾದಲ್ಲಿ ತಾನಾಗಿಯೇ ನಡೆಯುವುದಿಲ್ಲ. ಚಳಿಗಾಲಕ್ಕೆಂದು ಉತ್ತರದ ಊರು ಬಿಟ್ಟು ಫ್ಲೋರಿಡಾಕ್ಕೆ ಹೋಗಿ ಕೂರುವ ಮುದುಕರು ಅಲ್ಲಿ ಬಹಳ. ಅಂಥವರೊಬ್ಬರಿಗೆ ಊರಿನ ಡಾಕ್ಟರು ‘ಮನೆಗೆ ನರ್ಸ್ ಹೋಗಿ ಗಾಯ ನೋಡಲಿ’ ಎಂದು ಆರ್ಡರ್ ಬರೆದರೆ, ಅದನ್ನು ಫ್ಲೋರಿಡಾದ ಏಜೆನ್ಸಿ ಒಪ್ಪಬಹುದೇ ಎಂಬುದನ್ನು ಆರೈಕೆ ನಡೆಯುವ ರಾಜ್ಯದ ಕಾನೂನು ನೋಡಿ ತೀರ್ಮಾನಿಸಬೇಕು. ಹೊರ ರಾಜ್ಯದ ಡಾಕ್ಟರ ಆರ್ಡರನ್ನು ಸ್ವೀಕರಿಸಲು ಕೆಲವು ರಾಜ್ಯಗಳಲ್ಲಿ ಅವಕಾಶವಿದೆ, ಕೆಲವು ಕಡೆ ತಮ್ಮಲ್ಲಿಯ ಲೈಸೆನ್ಸೇ ಬೇಕು. ಹಲವು ರಾಜ್ಯಗಳಲ್ಲಿ ಲೈಸೆನ್ಸ್ ಬೇಕಾದ ವೈದ್ಯರಿಗೆ ಅರ್ಜಿಯ ದಾರಿ ಹತ್ತಿರವಾಗಲೆಂದು ರಾಜ್ಯಗಳು ತಮ್ಮೊಳಗೆ ಒಂದು ಒಪ್ಪಂದವನ್ನೂ ಮಾಡಿಕೊಂಡಿವೆ. 2017ರಿಂದ ಅದು ನಡೆಯುತ್ತಿದೆ. ಅದರಲ್ಲಿಯೂ ಸಿಗುವುದು ಒಂದೇ ದೊಡ್ಡ ಲೈಸೆನ್ಸಲ್ಲ, ರಾಜ್ಯಕ್ಕೊಂದರಂತೆ ಬೇರೆ ಬೇರೆಯೇ.

ಅದರ ಮೇಲೆ ಹಣದ ಲೆಕ್ಕ. ಅಲ್ಲಿಯ ಹಿರಿಯರ ಮನೆ ಆರೈಕೆಗೆ ದುಡ್ಡು ಕೊಡುವುದು ಬಹುಪಾಲು ಮೆಡಿಕೇರ್ ಎಂಬ ಸರ್ಕಾರಿ ವಿಮೆ. ವೈದ್ಯರು ರೋಗಿಯನ್ನು ಮುಖಾಮುಖಿ ನೋಡಿರಬೇಕು, ಆರೈಕೆ ಆರಂಭವಾಗುವ 90 ದಿನ ಮೊದಲಿನಿಂದ ಆರಂಭವಾದ 30 ದಿನದೊಳಗೆ. ಆರೈಕೆಯ ಯೋಜನೆಗೆ ಸಹಿ ಹಾಕಬೇಕು. 60 ದಿನಕ್ಕೊಮ್ಮೆ ಅದನ್ನು ಮತ್ತೆ ದೃಢೀಕರಿಸಬೇಕು. ಆ ವೈದ್ಯರ ಹೆಸರು ಮೆಡಿಕೇರಿನ ಪಟ್ಟಿಯಲ್ಲಿರಬೇಕು. 2020ರ ಮಾರ್ಚಿನ ಕಾಯ್ದೆಯೊಂದರ ನಂತರ ನರ್ಸ್ ಪ್ರಾಕ್ಟಿಷನರ್‌ಗಳೂ ಫಿಸಿಷಿಯನ್ ಅಸಿಸ್ಟೆಂಟ್‌ಗಳೂ ಇಂಥ ಆರ್ಡರ್ ಕೊಡಬಹುದು, ಅದಕ್ಕೂ ಆ ರಾಜ್ಯದ ಕಾನೂನು ಒಪ್ಪಬೇಕು. ಇದರಲ್ಲಿ ಒಂದು ತಪ್ಪಿದರೂ ಬಿಲ್ಲು ಮರಳಿ ಬರುತ್ತದೆ. ನಾಲ್ಕು ವರ್ಷ ರಾತ್ರಿಯಿಡೀ ಮರಳಿ ಬಂದ ಬಿಲ್ಲುಗಳನ್ನೇ ನೋಡಿದ ಹುಡುಗನಿಗೆ ರಾಜ್ಯದ ಹೆಸರು ಬೇರೆ ಕಂಡರೆ ಕೈ ನಡುಗುವುದು ಸಹಜ. ಅವರ ಮೇಲಿನ ಸಿಟ್ಟು ನನಗೆ ಅಲ್ಲಿಯೇ ಅರ್ಧ ಇಳಿಯಿತು.

ದಾವಣಗೆರೆಯಲ್ಲಿ ಬಿಲ್ಲು ಕೊಡುವವನು ನಾನು, ಜೇಬಿನಿಂದ. ನಮ್ಮ ವಿಮಾ ಪಾಲಿಸಿಯಲ್ಲಿ ಆಸ್ಪತ್ರೆಯಿಂದ ಬಂದ ಮೇಲಿನ 60 ದಿನದ ಔಷಧ ಮತ್ತು ಪರೀಕ್ಷೆಯ ಖರ್ಚು ಮರಳಿ ಸಿಗುತ್ತದೆ. ಅದಕ್ಕೆ ಅವರು ಕೇಳುವುದು ಚಿಕಿತ್ಸೆ ಮಾಡಿದ ಡಾಕ್ಟರ ಚೀಟಿಯನ್ನು, ಅಂದರೆ ಪುಣೆಯದನ್ನು. ಅಪ್ಪನ ಮುಖವನ್ನೇ ನೋಡದ ಡಾಕ್ಟರೊಬ್ಬರು 700 ರೂಪಾಯಿಗೆ ನಕಲು ಇಳಿಸಿದ ಚೀಟಿಯಿಂದ ಉಪಕಾರಕ್ಕಿಂತ ತೊಡಕೇ ಹೆಚ್ಚಾಗುತ್ತಿತ್ತು.

ಇನ್ನು ಸೇವೆಯ ವಿಷಯ. ಮೂರನೆಯ ದಿನ ಸಂಜೆ ಮೊದಲ ಸಿಸ್ಟರ್ ಬಂದರು. ಕೈ ತೊಳೆದುಕೊಂಡರು, ಬಿ.ಪಿ. ನೋಡಿದರು, ಎಲ್ಲವೂ ಸರಿಯಿತ್ತು. ಆಮೇಲೆ ಸಿರಿಂಜಿನ ಮುಚ್ಚಳ ತೆಗೆದು, ಸೂಜಿಯನ್ನು ಮೇಲಕ್ಕೆ ಹಿಡಿದು ಬೆರಳಿನಿಂದ ತಟ್ಟಿ, ಒಳಗಿನ ಗಾಳಿಗುಳ್ಳೆಯನ್ನು ಹೊರಗೆ ಹಾಕಿದರು. ಅದರ ಜೊತೆ ಔಷಧದ ಒಂದು ಹನಿಯೂ ಹೋಯಿತು. ಹೊಟ್ಟೆಗೆ ಚುಚ್ಚಿ ತೆಗೆದ ಮೇಲೆ ಹತ್ತಿಯಿಂದ ಚೆನ್ನಾಗಿ ಉಜ್ಜಿದರು. ಮೊದಲೇ ತುಂಬಿ ಬರುವ ಈ 40 ಮಿಲಿಗ್ರಾಂ ಸಿರಿಂಜಿನಲ್ಲಿ ಗಾಳಿಗುಳ್ಳೆಯನ್ನು ತೆಗೆಯಬಾರದು, ಚುಚ್ಚಿದ ಜಾಗವನ್ನು ಉಜ್ಜಬಾರದು ಎಂದು ಪೊಟ್ಟಣದೊಳಗಿನ ಕಾಗದದಲ್ಲಿಯೇ ಇದೆ. ಮರುದಿನ ಅಪ್ಪನ ಹೊಕ್ಕುಳ ಪಕ್ಕ ನೇರಳೆ ಹಣ್ಣಿನ ಬಣ್ಣದ ಕಲೆ, ಎರಡು ರೂಪಾಯಿ ನಾಣ್ಯದಷ್ಟು.

ನಾನು ಆ ಹುಡುಗಿಯನ್ನು ಗದರಲಿಲ್ಲ. ಅವಳ ನೋಂದಣಿ ಸಂಖ್ಯೆಯನ್ನು ಸಂಸ್ಥೆಯವರಿಗೆ ಕೇಳಿದೆ. ಎರಡು ಸಲ ‘ಕಳಿಸ್ತೀವಿ ಸರ್’ ಎಂಬ ಉತ್ತರ ಬಂತು, ಮೂರನೆಯ ಸಲ ನಿಜ ಹೊರಬಿತ್ತು: ಅವಳು ಆರು ತಿಂಗಳ ಆರೈಕೆ ಸಹಾಯಕಿಯ ಕೋರ್ಸ್ ಮಾಡಿದವಳು, ಜಿ.ಎನ್.ಎಂ. ಎಂಬ ನರ್ಸಿಂಗ್ ಡಿಪ್ಲೊಮಾ ಆಗಲಿ ಬಿ.ಎಸ್ಸಿ. ನರ್ಸಿಂಗ್ ಆಗಲಿ ಅಲ್ಲ. ನನಗೆ ಅತಿ ಹೆಚ್ಚು ಬೇಸರವಾದದ್ದು ಇಲ್ಲಿ. ರಾಜ್ಯದ ನೋಂದಣಿಯನ್ನು ಕೇಳಲೇಬೇಕಾದ ಜಾಗ ಇದ್ದದ್ದು ಇಲ್ಲಿಯೇ. ನರ್ಸುಗಳ ನೋಂದಣಿಯನ್ನು ನಡೆಸುವುದು ಆಯಾ ರಾಜ್ಯದ ಶುಶ್ರೂಷಾ ಪರಿಷತ್ತು. ಕೇರಳದಲ್ಲಿ ಓದಿ ಅಲ್ಲಿ ನೋಂದಾಯಿಸಿಕೊಂಡ ಸಿಸ್ಟರುಗಳು ಕರ್ನಾಟಕದ ಆಸ್ಪತ್ರೆ ಸೇರುವಾಗ ಇಲ್ಲಿಯ ಪರಿಷತ್ತಿನಲ್ಲಿ ಪರಸ್ಪರ ನೋಂದಣಿ ಮಾಡಿಸಿಕೊಳ್ಳುವುದನ್ನು ಎಲ್ಲರೂ ಬಲ್ಲರು. 580 ಕಿಲೋಮೀಟರ್ ದೂರದ ಶಸ್ತ್ರಚಿಕಿತ್ಸಕರ ಲೈಸೆನ್ಸ್ ಯಾವ ರಾಜ್ಯದ್ದು ಎಂದು ಫೈಲು ನಿಲ್ಲಿಸಿದವರು, ಸೂಜಿ ಹಿಡಿಯುವ ಕೈಗೆ ಯಾವ ರಾಜ್ಯದ ಲೈಸೆನ್ಸೂ ಇಲ್ಲ ಎಂಬುದನ್ನು ಗಮನಿಸಿರಲಿಲ್ಲ. ಅವರ ನಮೂನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಆ ಮಾತನ್ನು ಮ್ಯಾನೇಜರರಿಗೆ ಹೇಳಿದಾಗ ಅವರು ವಾದಿಸಲಿಲ್ಲ ಎಂಬುದನ್ನು ಬರೆಯಬೇಕು. ಮರುದಿನವೇ ಬೇರೆ ಸಿಸ್ಟರನ್ನು ಕಳುಹಿಸಿದರು, ಜೊತೆಗೆ ಅವರ ನೋಂದಣಿ ಪತ್ರದ ಪ್ರತಿಯನ್ನೂ. ನಲವತ್ತು ದಾಟಿದ ಹೆಂಗಸು, ಜಗಳೂರು ಕಡೆಯವರು, ಹದಿನಾರು ವರ್ಷ ಆಸ್ಪತ್ರೆಯಲ್ಲಿ ದುಡಿದವರು. ಬಂದವರು ಮೊದಲು ಚೀಟಿಯನ್ನು ಪೂರ್ತಿ ಓದಿದರು, ಆಮೇಲೆ ಸಿರಿಂಜಿನ ಮೇಲಿನ ಹೆಸರು, ತಾರೀಖು ಎರಡನ್ನೂ ಗಟ್ಟಿಯಾಗಿ ಓದಿದರು. “ಅಜ್ಜಾರೆ, ಹೊಟ್ಟಿ ಸಡ್ಲ ಬಿಡ್ರಿ, ಉಸುರು ಹಿಡೀಬ್ಯಾಡ್ರಿ” ಎಂದು, ಹೊಕ್ಕುಳದಿಂದ ನಾಲ್ಕು ಬೆರಳು ಪಕ್ಕಕ್ಕೆ ಚರ್ಮವನ್ನು ಎರಡು ಬೆರಳಿನಲ್ಲಿ ಮಡಿಸಿ ಹಿಡಿದು, ಗಾಳಿಗುಳ್ಳೆಯನ್ನು ಹಾಗೆಯೇ ಬಿಟ್ಟು, ಸೂಜಿಯನ್ನು ನೇರವಾಗಿ ಪೂರ್ತಿ ಇಳಿಸಿ ನಿಧಾನವಾಗಿ ಒತ್ತಿದರು. ಸೂಜಿ ಹೊರಬರುವವರೆಗೂ ಮಡಿಕೆಯನ್ನು ಬಿಡಲಿಲ್ಲ. ಆಮೇಲೆ ಹತ್ತಿಯನ್ನು ಸುಮ್ಮನೆ ಇಟ್ಟು ಹಿಡಿದರು. ಇಂದು ಎಡ, ನಾಳೆ ಬಲ ಎಂದು ಕ್ಯಾಲೆಂಡರಿನಲ್ಲಿ ಬರೆದಿಟ್ಟರು. ಬಳಸಿದ ಸಿರಿಂಜನ್ನು ಹಾಕಲು ಗಟ್ಟಿಯಾದ ಪ್ಲಾಸ್ಟಿಕ್ ಡಬ್ಬಿ ಕೇಳಿದರು. ಅಮ್ಮ ಹಾರ್ಲಿಕ್ಸ್ ಡಬ್ಬಿ ಕೊಟ್ಟರು. ಉಳಿದ ಇಪ್ಪತ್ತೂ ಚಿಲ್ಲರೆ ದಿನಗಳಲ್ಲಿ ಇನ್ನೊಂದು ಕಲೆ ಏಳಲಿಲ್ಲ.

ಸ್ಥಳೀಯ ಡಾಕ್ಟರೊಬ್ಬರು ಬೇಕೇ ಬೇಕು ಎಂಬ ಮಾತಿಗೆ ಬೇರೆಯದೇ ಕಾರಣವಿದೆ ಎಂಬುದು ಎರಡನೆಯ ವಾರ ನಮಗೆ ಅರಿವಾಯಿತು. ಪುಣೆಯಿಂದ ಕೊಟ್ಟಿದ್ದ ನೋವಿನ ಮಾತ್ರೆ, ಟ್ರಮಡಾಲ್ ಸೇರಿದ್ದು, ಮುಗಿದಿತ್ತು. ರಾತ್ರಿ ಅಪ್ಪ ನರಳಾಡುತ್ತಿದ್ದುದನ್ನು ನೋಡಲಾರದೆ ಪುಣೆಗೆ ಫೋನ್ ಮಾಡಿದರೆ, ಡಾಕ್ಟರು ಅದನ್ನು ಫೋನಿನಲ್ಲಿ ಬರೆಯಲಾಗದು ಎಂದರು. 2018ರಿಂದ ಟ್ರಮಡಾಲ್ ಮಾದಕ ಮತ್ತು ಮನೋಪರಿಣಾಮಕ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬಂದಿದೆ. ಆ ಕಾಯ್ದೆಯ ಪಟ್ಟಿಯಲ್ಲಿರುವ ಯಾವುದನ್ನೂ ಟೆಲಿಮೆಡಿಸಿನ್ ಮೂಲಕ ಬರೆಯುವಂತಿಲ್ಲ. ಅವರು ಮಹಾರಾಷ್ಟ್ರದವರೆಂಬುದು ಇದಕ್ಕೆ ಕಾರಣವಲ್ಲ. ದಾವಣಗೆರೆಯ ಡಾಕ್ಟರಾದರೂ ರೋಗಿಯನ್ನು ನೋಡದೆ ಬರೆಯುವ ಹಾಗಿಲ್ಲ.

ನಮ್ಮ ಬಡಾವಣೆಯಲ್ಲೇ ಕ್ಲಿನಿಕ್ ಇರುವ ಮೂಳೆ ಡಾಕ್ಟರೊಬ್ಬರನ್ನು ಮನೆಗೆ ಕರೆತಂದೆವು. ಅವರು ಪುಣೆಯ ಚೀಟಿಯನ್ನು ಬದಲಿಸಲೂ ಇಲ್ಲ, ನಕಲು ಮಾಡಲೂ ಇಲ್ಲ. ಕಾಲಿನ ಬಾವು ನೋಡಿ, ಹಿಮ್ಮಡಿಯಲ್ಲಿ ಒತ್ತಡದ ಹುಣ್ಣು ಶುರುವಾಗಿದೆಯೇ ಎಂದು ಟಾರ್ಚ್ ಹಿಡಿದು ನೋಡಿ, ಕ್ರಿಯಾಟಿನಿನ್ ವರದಿಯನ್ನು ಎರಡು ಸಲ ನೋಡಿದರು. ಮೂತ್ರಪಿಂಡ ಸೋತರೆ ಈ ಇಂಜೆಕ್ಷನ್ನಿನ ಡೋಸ್ ಇಳಿಸಬೇಕಾಗುತ್ತದಂತೆ. ಟ್ರಮಡಾಲನ್ನು ಮುಂದುವರಿಸಲು ಒಪ್ಪಲಿಲ್ಲ. ಈ ವಯಸ್ಸಿನಲ್ಲಿ ಮಂಪರು ಕವಿದು ರಾತ್ರಿ ಎದ್ದು ಮತ್ತೆ ಬಿದ್ದರೆ ಏನು ಗತಿ ಎಂದು ಹೇಳಿ, ಪ್ಯಾರಸಿಟಮಾಲನ್ನೇ ಹೊತ್ತು ಹೊತ್ತಿಗೆ ಕೊಡುವಂತೆ ವೇಳೆ ಬರೆದುಕೊಟ್ಟರು. ಸಿಸ್ಟರಿಗೆ ತಮ್ಮ ಫೋನ್ ನಂಬರ್ ಕೊಟ್ಟು, ಮಲ ಕಪ್ಪಾದರೆ, ಗಾಯ ಒಸರಿದರೆ, ಮೀನಖಂಡ ಊದಿದರೆ ಹೊತ್ತು ನೋಡದೆ ಫೋನ್ ಮಾಡಿ ಎಂದರು. ಸ್ಟೇಪಲ್‌ಗಳನ್ನೂ ಅವರೇ ತೆಗೆದರು. ಸಂಸ್ಥೆಯವರು ಮೊದಲ ದಿನ ಕೇಳಬೇಕಿದ್ದದ್ದು ಇಂಥವರೊಬ್ಬರು ಇದ್ದಾರೆಯೇ ಎಂದು. ಆಗ 700 ರೂಪಾಯಿ ಅಲ್ಲ, ಅದರ ಎರಡರಷ್ಟನ್ನೂ ಸಂತೋಷದಿಂದ ಕೊಡುತ್ತಿದ್ದೆ.

ಉಳಿದದ್ದು ಚಿಕ್ಕ ಪುಟ್ಟದ್ದು. ಫಿಸಿಯೋ ಹುಡುಗ ಚುರುಕಾಗಿದ್ದ, ಆದರೆ ವಾರದಲ್ಲಿ ಎರಡು ದಿನವಾದರೂ ಹೇಳಿದ ಹೊತ್ತಿಗಿಂತ ಒಂದು ಗಂಟೆ ತಡ. ಅಪ್ಪ ಅಷ್ಟರಲ್ಲಿ ಊಟ ಮಾಡಿ ಮಲಗಿರುತ್ತಿದ್ದರು. ಬಿಲ್ಲು ಪ್ರತಿ ಭಾನುವಾರ ತಪ್ಪದೆ ಬರುತ್ತಿತ್ತು, ಬಂದ ದಿನ ಬಾರದ ದಿನ ಲೆಕ್ಕ ಸರಿಯಿತ್ತು. ರಾತ್ರಿ ಎಂಟರ ನಂತರ ಅವರ ಫೋನ್ ಎತ್ತುವವರಿಲ್ಲ. ರಾತ್ರಿ ಆರೈಕೆ ಬೇಕಾದವರು ಇದನ್ನು ಮೊದಲೇ ಕೇಳಿಕೊಳ್ಳಬೇಕು. ಸಹಾಯಕಿಗೂ ನರ್ಸಿಗೂ ದರ ಬೇರೆ ಬೇರೆ. ಬಾಯಿಮಾತಿನಲ್ಲಿ ಇಬ್ಬರನ್ನೂ ‘ಸಿಸ್ಟರ್’ ಎನ್ನುವುದರಿಂದ ಯಾರನ್ನು ಕಳುಹಿಸುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯುವುದು ಕ್ಷೇಮ. ಬರೀ ಸ್ನಾನ ಮಾಡಿಸಲು, ಊಟ ಮಾಡಿಸಲು, ಮಗ್ಗುಲು ಬದಲಿಸಲು ಆದರೆ ಸಹಾಯಕಿ ಸಾಕು, ಆ ಮೊದಲ ಹುಡುಗಿ ಆ ಕೆಲಸದಲ್ಲಿ ನಿಜಕ್ಕೂ ನಾಜೂಕಾಗಿದ್ದಳು. ಆಮೇಲೆ ಹಗಲಿನ ಹೊತ್ತು ಅವಳೇ ಬಂದಳು, ಅಪ್ಪನಿಗೆ ಪೇಪರ್ ಓದಿ ಹೇಳುತ್ತಿದ್ದಳು.

ಹೊರ ರಾಜ್ಯದ ಆಸ್ಪತ್ರೆಯಿಂದ ಹೊರಡುವವರು ಬಿಲ್ಲು ಕಟ್ಟುವ ಮೊದಲೇ ಮನೆ ಆರೈಕೆಯ ಆರ್ಡರನ್ನು ಬೇರೆ ಒಂದು ಪುಟದಲ್ಲಿ ಬರೆಸಿಕೊಳ್ಳಲಿ. ಔಷಧದ ಹೆಸರು ದೊಡ್ಡಕ್ಷರದಲ್ಲಿರಲಿ, ಎಷ್ಟು ದಿನ ಎಂಬುದರ ಜೊತೆ ಯಾವ ತಾರೀಖಿಗೆ ನಿಲ್ಲಿಸಬೇಕೆಂಬುದೂ ಇರಲಿ, ಸಹಿ ಹಾಕಿದವರದೇ ನೋಂದಣಿ ಸಂಖ್ಯೆ ಇರಲಿ. ಕಿರಿಯ ಡಾಕ್ಟರೇ ಸಹಿ ಮಾಡಿದರೂ ತೊಂದರೆಯಿಲ್ಲ, ಅವರ ಸಂಖ್ಯೆ ಬರೆಯಬೇಕಷ್ಟೆ. ತಂಗಿ ಅರ್ಧ ದಿನ ಕೂತು ತಂದ ಆ ಪುಟ ಡಿಸ್ಚಾರ್ಜಿನ ದಿನವೇ ಐದು ನಿಮಿಷದಲ್ಲಿ ಸಿಗುತ್ತಿತ್ತು.

ಕೊನೆಯ ಬಿಲ್ಲಿನಲ್ಲಿ ಆ 700 ರೂಪಾಯಿಯನ್ನು, ನಾನು ಕೇಳುವ ಮೊದಲೇ, ಕಳೆದು ಕೊಟ್ಟಿದ್ದರು. ಹಣ ತೆಗೆದುಕೊಳ್ಳಲು ಬಂದ ಮ್ಯಾನೇಜರರ ಕೈಯಲ್ಲಿ ಇನ್ನೊಂದು ಮನೆಯ ಅರ್ಜಿ ಇತ್ತು. ನಮೂನೆ ಹಳೆಯದೇ, ಅಚ್ಚು ಹಾಕಿಸಿದ್ದು ಇನ್ನೂ ಮುನ್ನೂರು ಪ್ರತಿ ಉಳಿದಿದೆಯಂತೆ. ಈ ರಾಜ್ಯದ ಲೈಸೆನ್ಸ್ ಇದೆಯೇ ಎಂಬ ಸಾಲಿನ ಎದುರು ‘ಅನ್ವಯಿಸದು’ ಎಂದು ಪೆನ್ನಿನಲ್ಲಿ ಬರೆದು, ಅಂಚಿನ ಖಾಲಿ ಜಾಗದಲ್ಲಿ ಸಿಸ್ಟರಿನ ನೋಂದಣಿ ಸಂಖ್ಯೆಯನ್ನು ತುಂಬಿದ್ದರು.